ಅತಿಥಿಯಾಗುವ ಮುಂಚೆ ಕೇಳುಗರಾಗಿ

ಓದುಗರ ಪತ್ರದ ಸಾರ: ಸಣ್ಣ ಉದ್ದಿಮೆಗಳ ಲೆಕ್ಕಪತ್ರ ನೋಡಿಕೊಳ್ಳುವ ಸೇವೆ ನಡೆಸುತ್ತಿದ್ದೇನೆ. ಪಾಡ್‌ಕಾಸ್ಟ್‌ಗಳಲ್ಲಿ ಅತಿಥಿಯಾಗಿ ಮಾತಾಡಿದರೆ ಗ್ರಾಹಕರು ಸಿಗುತ್ತಾರೆಂದು ಹಲವರು ಹೇಳಿದರು. ಹೆಸರು ಮಾಡಿರುವ ಹತ್ತಾರು ಕಾರ್ಯಕ್ರಮಗಳಿಗೆ ಪತ್ರ ಕಳಿಸಿದೆ. ಒಬ್ಬರು ಮಾತ್ರ ಉತ್ತರಿಸಿದರು, ಅದೂ ಹಣ ಕೊಟ್ಟರೆ ಕರೆಯುತ್ತೇವೆ ಎಂದು. ಕಳಿಸಿದ ಪತ್ರದ ಪ್ರತಿ ಜೊತೆಗಿದೆ. ತಪ್ಪಿದ್ದು ಎಲ್ಲಿ? ಹಣ ಕೊಟ್ಟು ಹೋಗಲೇ? ಈ ಕೆಲಸವನ್ನು ಏಜೆನ್ಸಿಗೆ ಒಪ್ಪಿಸಲೇ?

ಸಂಪಾದಕರ ಉತ್ತರ:

ನಿಮ್ಮ ಪತ್ರದ ಪ್ರತಿಯನ್ನು ಎರಡು ಸಲ ಓದಿದೆ. ‘ನನ್ನ ಬಗ್ಗೆ ಬರೆಯಿರಿ’ ಎಂದು ಕೇಳುವ ಪತ್ರಗಳು ಸಂಪಾದಕರ ಮೇಜಿಗೆ ದಿನವೂ ಬರುತ್ತವೆ. ಹಾಗಾಗಿ ನಿಮ್ಮ ಪತ್ರ ತೆರೆದವರು ಎಲ್ಲಿಗೆ ಓದು ನಿಲ್ಲಿಸಿರುತ್ತಾರೆಂದು ಊಹಿಸುವುದು ನನಗೆ ಕಷ್ಟವಲ್ಲ. ಮೊದಲ ಸಾಲಿಗೇ ನಿಲ್ಲಿಸಿದ್ದಾರೆ. ‘ದೀರ್ಘ ಅನುಭವವುಳ್ಳ ಲೆಕ್ಕಪತ್ರ ತಜ್ಞೆಯಾದ ನಾನು, ನಿಮ್ಮ ಜನಪ್ರಿಯ ಕಾರ್ಯಕ್ರಮದಲ್ಲಿ ನನ್ನ ಉದ್ದಿಮೆಯ ಪಯಣವನ್ನು ಹಂಚಿಕೊಳ್ಳಲು ಇಚ್ಛಿಸುತ್ತೇನೆ’ ಎಂದು ಶುರು ಮಾಡಿದ್ದೀರಿ. ಇದರಲ್ಲಿ ಸುಳ್ಳಿಲ್ಲ, ಒರಟುತನವೂ ಇಲ್ಲ. ಆದರೆ ಇದೇ ಸಾಲನ್ನು ಅಡುಗೆಯ ಕಾರ್ಯಕ್ರಮಕ್ಕೂ ಕ್ರಿಕೆಟ್ ಕಾರ್ಯಕ್ರಮಕ್ಕೂ ಕಳಿಸಬಹುದು. ಕೈಗೆ ಬಂದ ಕೂಡಲೇ ಅದು ಗೊತ್ತಾಗಿಬಿಡುತ್ತದೆ.

ಕಾರ್ಯಕ್ರಮ ನಡೆಸುವವರ ಕಡೆಯಿಂದ ಸ್ವಲ್ಪ ನೋಡಿ. ಬಹಳಷ್ಟು ಪಾಡ್‌ಕಾಸ್ಟ್‌ಗಳ ಹಿಂದೆ ದೊಡ್ಡ ತಂಡವಿರುವುದಿಲ್ಲ. ಅತಿಥಿಯನ್ನು ಹುಡುಕುವುದು, ಪ್ರಶ್ನೆ ಸಿದ್ಧಮಾಡುವುದು, ರೆಕಾರ್ಡಿಂಗ್, ಎಡಿಟಿಂಗ್, ಕೊನೆಗೆ ವಿವರಣೆ ಬರೆದು ಹಾಕುವುದು, ಎಲ್ಲವನ್ನೂ ಒಬ್ಬರೋ ಇಬ್ಬರೋ ಮಾಡುತ್ತಾರೆ. ‘ಮುಂದಿನ ಕಂತಿಗೆ ಏನು?’ ಎಂಬುದು ಅವರನ್ನು ಸದಾ ಕಾಡುವ ಪ್ರಶ್ನೆ. ಅದಕ್ಕೆ ಉತ್ತರವಾಗಿ ಬರುವ ಪತ್ರ ಅವರಿಗೆ ಹೊರೆಯಲ್ಲ, ಉಪಕಾರ. ‘ನನಗೊಂದು ಅವಕಾಶ ಕೊಡಿ’ ಎನ್ನುವ ಪತ್ರವಾದರೆ ಅವರ ಪಟ್ಟಿಗೆ ಇನ್ನೊಂದು ಕೆಲಸ ಸೇರಿದಂತೆ.

ನಿಮ್ಮ ಪತ್ರದಲ್ಲಿ ಅಂಥ ಉತ್ತರ ಇದೆ, ಆದರೆ ಕೊನೆಯ ಪ್ಯಾರಾದಲ್ಲಿ ಹೂತುಹೋಗಿದೆ. ‘ಲಾಭದಲ್ಲಿರುವ ಉದ್ದಿಮೆಗಳೇ ಸಂಬಳದ ದಿನ ಪರದಾಡುವುದನ್ನು ನೋಡಿದ್ದೇನೆ’ ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ನಾನು ಅಲ್ಲೇ ನಿಂತೆ. ಆರ್ಡರ್ ಎರಡು ಪಟ್ಟಾಯಿತು ಅಂದುಕೊಳ್ಳಿ. ಕಚ್ಚಾಮಾಲಿಗೆ ಇವತ್ತೇ ದುಡ್ಡು ಕಟ್ಟಬೇಕು, ಕೆಲಸದವರಿಗೆ ತಿಂಗಳ ಕೊನೆಗೆ ಕೊಡಬೇಕು, ಆದರೆ ಮಾಲು ಕೊಂಡವರು ಹಣ ಕೊಡುವುದು 90 ದಿನಗಳ ನಂತರ. ಪುಸ್ತಕದಲ್ಲಿ ಲಾಭ ಕಾಣುತ್ತದೆ, ಬ್ಯಾಂಕ್ ಖಾತೆ ಬರಿದಾಗಿರುತ್ತದೆ. ವ್ಯಾಪಾರ ಬೆಳೆದಷ್ಟೂ ಈ ಹೊಂಡ ಆಳವಾಗುತ್ತದೆ. ಇದು ಗೊತ್ತಿಲ್ಲದೆ ‘ಎಲ್ಲೋ ಸೋರುತ್ತಿದೆ’ ಎಂದು ನಿದ್ದೆಗೆಡುವ ಮಾಲೀಕರು ಎಷ್ಟೋ ಜನ. ಅವರ ಮುಂದೆ ಕೂತು ಈ ವಿಷಯ ಬಿಡಿಸಿ ಹೇಳಬಲ್ಲವರು ನೀವು. ಇದೇ ನಿಮ್ಮ ಕಂತು. ನಿಮ್ಮ ಪಯಣದ ಕಥೆಗಿಂತ ಇದು ನೂರು ಪಾಲು ಕೇಳಿಸಿಕೊಳ್ಳುವಂಥದ್ದು.

ಇನ್ನು, ಯಾರಿಗೆ ಬರೆಯಬೇಕು? ಹೆಸರುವಾಸಿ ಕಾರ್ಯಕ್ರಮಗಳ ಬೆನ್ನು ಹತ್ತುವುದನ್ನು ಸದ್ಯಕ್ಕೆ ಬಿಡಿ. ಅಲ್ಲಿ ಹೇಳುವ ಡೌನ್‌ಲೋಡ್ ಅಂಕಿಗಳಿಗೂ ಮರುಳಾಗಬೇಡಿ. ಜಾಹೀರಾತು ಉದ್ಯಮದ ಅಳತೆಗೋಲು ರೂಪಿಸಿದ ಐಎಬಿ ಟೆಕ್ ಲ್ಯಾಬ್‌ನ ಮಾರ್ಗಸೂಚಿ ಪ್ರಕಾರ, ಒಂದು ನಿಮಿಷ ಕೇಳಬಹುದಾದಷ್ಟು ಧ್ವನಿ ಫೋನಿಗೆ ಇಳಿದರೆ ಅದು ಒಂದು ಡೌನ್‌ಲೋಡ್. ಪೂರ್ತಿ ಕೇಳಿದರೋ, ಶುರುವನ್ನಾದರೂ ಮಾಡಿದರೋ ಎಂಬುದು ಆ ಲೆಕ್ಕದಲ್ಲಿಲ್ಲ. ನಿಮಗೆ ಬೇಕಿರುವುದು ಲಕ್ಷ ಕಿವಿಗಳಲ್ಲ. ಹತ್ತು ಹನ್ನೆರಡು ಮಂದಿಗೆ ಸಂಬಳ ಕೊಡುವ ಮಾಲೀಕರು ಯಾವ ಕಾರ್ಯಕ್ರಮ ಕೇಳುತ್ತಾರೋ ಅದು ಬೇಕು. ಮುದ್ರಣದವರಿಗಾಗಿ, ಪೀಠೋಪಕರಣ ತಯಾರಿಸುವವರಿಗಾಗಿ, ಸಾಗಣೆ ವ್ಯವಹಾರದವರಿಗಾಗಿ ನಡೆಯುವ ಸಣ್ಣ ಕಾರ್ಯಕ್ರಮಗಳಿರುತ್ತವೆ. ಕೇಳುವವರು ಕೆಲವೇ ನೂರು ಇರಬಹುದು, ಆದರೆ ಹೆಚ್ಚುಕಡಿಮೆ ಎಲ್ಲರೂ ನಿಮ್ಮ ಗ್ರಾಹಕರಾಗಬಲ್ಲವರೇ. ಒಂದು ಸುಲಭ ದಾರಿಯೂ ಇದೆ: ಈಗಿರುವ ನಿಮ್ಮ ಗ್ರಾಹಕರನ್ನೇ ಏನು ಕೇಳುತ್ತೀರಿ ಎಂದು ವಿಚಾರಿಸಿ.

ಹೆಸರು ಸಿಕ್ಕ ಮೇಲೆ ಕೊನೆಯ ಕಂತು ಬಂದ ತಾರೀಖು ನೋಡಿ. ಉತ್ಸಾಹದಲ್ಲಿ ಶುರುವಾಗಿ ಕೆಲವೇ ಕಂತುಗಳಿಗೆ ನಿಂತುಹೋದ ಪಾಡ್‌ಕಾಸ್ಟ್‌ಗಳು ಲೆಕ್ಕವಿಲ್ಲದಷ್ಟಿವೆ, ಅವು ಪಟ್ಟಿಗಳಲ್ಲಿ ಈಗಲೂ ಕಾಣಿಸುತ್ತವೆ. ಹೊರಗಿನ ಅತಿಥಿಗಳನ್ನು ಕರೆಯುವ ರೂಢಿ ಅಲ್ಲಿದೆಯೇ ಎಂಬುದನ್ನೂ ಗಮನಿಸಿ. ವಿಳಾಸ ಸಾಮಾನ್ಯವಾಗಿ ಕಂತಿನ ವಿವರಣೆಯಲ್ಲೋ ಅವರ ಜಾಲತಾಣದಲ್ಲೋ ಇರುತ್ತದೆ.

ಆಮೇಲೆ ಕೇಳಿ. ಇದನ್ನು ತಪ್ಪಿಸುವ ಅಡ್ಡದಾರಿ ಇಲ್ಲ. ಕನಿಷ್ಠ ಎರಡು ಮೂರು ಕಂತುಗಳನ್ನಾದರೂ ಮೊದಲಿಂದ ಕೊನೆಯವರೆಗೆ ಕೇಳಿ. ನಿರೂಪಕರು ಎಲ್ಲಿ ತಡೆದು ಮತ್ತೆ ಕೇಳುತ್ತಾರೆ, ಎಂಥ ಮಾತಿಗೆ ಚುರುಕಾಗುತ್ತಾರೆ, ಯಾವ ಪ್ರಶ್ನೆಯನ್ನು ಅರ್ಧಕ್ಕೆ ಬಿಟ್ಟು ಹೋಗುತ್ತಾರೆ ಎಂದು ಗಮನಿಸಿ. ಆ ಅರ್ಧಕ್ಕೆ ಬಿಟ್ಟ ಪ್ರಶ್ನೆಯಿಂದ ನಿಮ್ಮ ಪತ್ರ ಶುರುವಾಗಲಿ. ಉದಾಹರಣೆಗೆ ಹೀಗೆ ಬರೆಯಬಹುದು:

‘ಕಳೆದ ತಿಂಗಳ ಕಂತಿನಲ್ಲಿ ನಿಮ್ಮ ಅತಿಥಿ, ಅತಿ ಹೆಚ್ಚು ಆರ್ಡರ್ ಬಂದ ವರ್ಷವೇ ಸಂಬಳಕ್ಕಾಗಿ ಸಾಲ ಮಾಡಬೇಕಾಯಿತು ಎಂದರು. ಯಾಕೆ ಹಾಗಾಯಿತು ಎಂದು ನೀವು ಕೇಳಿದಿರಿ, ಮಾತು ಬೇರೆ ಕಡೆ ಹೊರಳಿತು. ಸಣ್ಣ ಉದ್ದಿಮೆಗಳ ಲೆಕ್ಕ ನೋಡುವ ನಾನು ಈ ತೊಡಕನ್ನು ಮತ್ತೆ ಮತ್ತೆ ಕಾಣುತ್ತೇನೆ. ಬೆಳವಣಿಗೆಯೇ ಕೈಯಲ್ಲಿರುವ ದುಡ್ಡನ್ನು ನುಂಗುವುದು ಹೇಗೆ, ಆರ್ಡರ್ ಒಪ್ಪಿಕೊಳ್ಳುವ ಮುಂಚೆ ಮಾಲೀಕರು ಒಂದು ಹಾಳೆಯಲ್ಲಿ ಯಾವ ಲೆಕ್ಕ ಹಾಕಿ ನೋಡಬೇಕು, ಮುಂಗಡ ಕೇಳುವುದು ಹೇಗೆ ಎಂಬುದರ ಬಗ್ಗೆ ನಿಮ್ಮ ಕೇಳುಗರೊಂದಿಗೆ ಮಾತಾಡಬಲ್ಲೆ. ಆ ಹಾಳೆಯ ನಮೂನೆಯನ್ನು ಉಚಿತವಾಗಿ ಕೊಡುತ್ತೇನೆ. ನಾನು ಮಾತಾಡಿರುವ ಐದು ನಿಮಿಷದ ಧ್ವನಿಮುದ್ರಣದ ಕೊಂಡಿ ಕೆಳಗಿದೆ.’

ಇಷ್ಟು ಸಾಕು. ಪದವಿ, ಪ್ರಶಸ್ತಿ, ಸಂಸ್ಥೆಯ ಇತಿಹಾಸ ಎಲ್ಲವೂ ಸಹಿಯ ಕೆಳಗೆ ಎರಡು ಸಾಲಿನಲ್ಲಿ ಮುಗಿಯಲಿ. ಧ್ವನಿಮುದ್ರಣವನ್ನು ಮಾತ್ರ ಮರೆಯಬೇಡಿ. ಬರವಣಿಗೆಯಲ್ಲಿ ಚುರುಕಾಗಿರುವವರು ಮೈಕ್ ಮುಂದೆ ಒಂದೊಂದು ಪದದಲ್ಲಿ ಉತ್ತರಿಸಿ ಸುಮ್ಮನಾಗುವ ಅಪಾಯ ನಿರೂಪಕರಿಗೆ ಗೊತ್ತಿರುತ್ತದೆ. ಫೋನಿನಲ್ಲೇ ಮುದ್ರಿಸಿದ್ದಾದರೂ ನಡೆಯುತ್ತದೆ. ಉತ್ತರ ಬರದಿದ್ದರೆ ಒಂದೆರಡು ವಾರ ಬಿಟ್ಟು ಒಂದು ಸಲ ನೆನಪಿಸಿ. ಆಗಲೂ ಬರದಿದ್ದರೆ ಅಲ್ಲಿಗೆ ಬಿಡಿ, ಬೇಸರ ಬೇಡ. ಅವರ ಕಾರ್ಯಕ್ರಮ ಕೇಳುವುದನ್ನು ಮಾತ್ರ ನಿಲ್ಲಿಸಬೇಡಿ.

ಹಣದ ಮಾತಿಗೆ ಬರೋಣ. ಇದು ನಿಮಗೊಬ್ಬರಿಗೇ ಆದ ಅನುಭವವಲ್ಲ. ಕೆಲವು ಜನಪ್ರಿಯ ಕಾರ್ಯಕ್ರಮಗಳಲ್ಲಿ ಅತಿಥಿಗಳು 50,000 ಡಾಲರ್‌ವರೆಗೂ ಕೊಟ್ಟು ಕೂರುತ್ತಿದ್ದಾರೆಂದು 2022ರಲ್ಲೇ ಬ್ಲೂಮ್‌ಬರ್ಗ್ ವರದಿ ಮಾಡಿತ್ತು. ಹಣ ಕೊಟ್ಟು ಹೋದರೆ ಅದು ಜಾಹೀರಾತು. ಜಾಹೀರಾತು ಕೊಡುವುದು ತಪ್ಪಲ್ಲ, ಆದರೆ ಅದು ಜಾಹೀರಾತು ಎಂದು ಕೇಳುಗರಿಗೆ ತಿಳಿಸಬೇಕು. ನಿಮ್ಮಿಂದ ಹಣ ಕೇಳಿದವರಿಗೆ ಒಂದೇ ಪ್ರಶ್ನೆ ಹಾಕಿ: ‘ಇದು ಹಣ ಪಡೆದು ಮಾಡಿದ ಕಂತು ಎಂದು ಶುರುವಿನಲ್ಲೇ ಹೇಳುತ್ತೀರಾ?’ ಹೇಳುವುದಿಲ್ಲ ಎಂದರೆ ದಯವಿಟ್ಟು ಹೋಗಬೇಡಿ. ನಿಮ್ಮದು ಇನ್ನೊಬ್ಬರ ಲೆಕ್ಕದ ಪುಸ್ತಕ ಕೈಯಲ್ಲಿ ಹಿಡಿಯುವ ವೃತ್ತಿ. ಮುಚ್ಚಿಟ್ಟ ವ್ಯವಹಾರವೊಂದು ನಾಳೆ ಹೊರಬಿದ್ದರೆ, ಬಂದ ಗ್ರಾಹಕರಿಗಿಂತ ಹೋಗುವವರೇ ಹೆಚ್ಚಾದಾರು.

ಏಜೆನ್ಸಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಈಗ ಬೇಡ. ಅವರು ಕಳಿಸುವುದು ಬಹುಪಾಲು ನೀವು ಕಳಿಸಿದಂಥ ಪತ್ರವನ್ನೇ, ಇನ್ನೂ ಹೆಚ್ಚು ಜನರಿಗೆ. ಒಂದಷ್ಟು ಕಂತುಗಳಲ್ಲಿ ಮಾತಾಡಿ, ಯಾವ ವಿಷಯಕ್ಕೆ ಜನ ಕಿವಿ ಕೊಡುತ್ತಾರೆಂದು ನಿಮಗೇ ತಿಳಿದ ಮೇಲೆ, ದಿನಾಂಕ ಹೊಂದಿಸುವಂಥ ಕೆಲಸಕ್ಕೆ ಯಾರನ್ನಾದರೂ ಇಟ್ಟುಕೊಳ್ಳಬಹುದು.

ಕರೆ ಬಂದರೆ ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡು ಕೂರಬೇಡಿ. ಅದರದೇ ಮೈಕ್ ಬಳಸಿದಾಗ ಅದು ಸಾಮಾನ್ಯವಾಗಿ ಫೋನ್ ಕರೆಯ ಮಟ್ಟಕ್ಕೆ ಇಳಿಯುತ್ತದೆ, ಧ್ವನಿ ಡಬ್ಬದೊಳಗಿಂದ ಬಂದಂತೆ ಕೇಳಿಸುತ್ತದೆ. ವೈರ್ ಇರುವ ಸಾಧಾರಣ ಇಯರ್‌ಫೋನ್ ಅದಕ್ಕಿಂತ ಎಷ್ಟೋ ವಾಸಿ. ಬಟ್ಟೆ, ಪರದೆ, ಹಾಸಿಗೆ ಇರುವ ಕೋಣೆ ಖಾಲಿ ಗೋಡೆಗಳ ಕಚೇರಿಗಿಂತ ಮೇಲು, ಅಲ್ಲಿ ಧ್ವನಿ ಮಾರ್ದನಿಸುವುದಿಲ್ಲ. ಗ್ರಾಹಕರ ಉದಾಹರಣೆ ಕೊಡುವಾಗ ಹೆಸರು ಮಾತ್ರವಲ್ಲ, ಗುರುತು ಸಿಗುವ ವಿವರವನ್ನೂ ಮರೆಸಿ. ಸಣ್ಣ ಕಾರ್ಯಕ್ರಮಗಳ ಕೇಳುಗರು ಒಂದೇ ಉದ್ಯಮದವರಾದ್ದರಿಂದ ಯಾರ ಮಾತು ಎಂದು ಥಟ್ಟನೆ ಹಿಡಿಯುತ್ತಾರೆ.

ಕೊನೆಯಲ್ಲಿ ‘ನಿಮ್ಮನ್ನು ಎಲ್ಲಿ ಸಂಪರ್ಕಿಸಬಹುದು?’ ಎಂದು ನಿರೂಪಕರು ಕೇಳುತ್ತಾರೆ. ಆಗ ನಾಲ್ಕೈದು ಜಾಲತಾಣಗಳ ಹೆಸರು ಹೇಳಬೇಡಿ. ಕೇಳುತ್ತಿರುವವರು ಗಾಡಿ ಓಡಿಸುತ್ತಿರಬಹುದು, ಅವರ ಕೈಯಲ್ಲಿ ಪೆನ್ನಿಲ್ಲ. ಕಿವಿಗೆ ಬಿದ್ದರೆ ನೆನಪಿನಲ್ಲಿ ಉಳಿಯುವಂಥ ಒಂದೇ ಚಿಕ್ಕ ವಿಳಾಸ ಕೊಡಿ. ಅಲ್ಲಿ ಆ ಲೆಕ್ಕದ ಹಾಳೆ ಇರಲಿ, ಅದನ್ನು ಪಡೆಯಲು ಹತ್ತು ವಿವರ ತುಂಬಬೇಕಾದ ಅರ್ಜಿ ಬೇಡ.

ಇದರಿಂದ ವ್ಯಾಪಾರ ಬೆಳೆಯಿತೇ ಎಂದು ಮರುವಾರವೇ ಅಳೆಯಲು ಹೊರಡಬೇಡಿ. ದಿನಪತ್ರಿಕೆ ಮರುದಿನಕ್ಕೆ ಹಳೆಯದಾಗುತ್ತದೆ. ಪಾಡ್‌ಕಾಸ್ಟ್‌ನ ಹಳೆಯ ಕಂತುಗಳನ್ನಾದರೋ ಹೊಸ ಕೇಳುಗರು ತಿಂಗಳುಗಟ್ಟಲೆ ಹಿಂದೆ ಹೋಗಿ ಹುಡುಕಿ ಕೇಳುತ್ತಾರೆ. ಹೊಸಬರು ಯಾರೇ ಕರೆ ಮಾಡಲಿ, ‘ನಮ್ಮ ಬಗ್ಗೆ ಹೇಗೆ ಗೊತ್ತಾಯಿತು?’ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಕಂತಿನ ಹೆಸರು ಹೇಳಿದರೆ, ಅದರಲ್ಲಿ ಯಾವ ಮಾತು ಹಿಡಿಸಿತು ಎಂದೂ ಕೇಳಿ. ಮುಂದಿನ ಕಾರ್ಯಕ್ರಮಕ್ಕೆ ಬರೆಯುವ ಪತ್ರದ ಮೊದಲ ಸಾಲಿಗೆ ಅದು ಒದಗುತ್ತದೆ.