ಟ್ರ್ಯಾಕ್ಟರ್ ತಾಗಿ ಯಾರಾದರೂ ಬಿದ್ದರೆ ಡ್ರೈವರ್, ಮಾಲೀಕ ಏನು ಮಾಡಬೇಕು

ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳ ಖಾಲಿ ಮಾಡಿ ಸಂಜೆ ವಾಪಸ್ ಬರುವ ಟ್ರ್ಯಾಕ್ಟರ್, ರಸ್ತೆ ಬದಿ ನಡೆದು ಹೋಗುವವರಿಗೆ ತಾಗಿದರೆ ಡ್ರೈವರ್ ಅಲ್ಲೇ ನಿಲ್ಲಬೇಕೋ, ಸೀದಾ ಸ್ಟೇಷನ್‌ಗೆ ಹೋಗಬೇಕೋ ಎಂದು ಕೇಳಿದ್ದೀರಿ. ಅದಕ್ಕೆ ಒಂದಿಬ್ಬರು "ನಿಂತರೆ ಜನ ಹೊಡೀತಾರೆ, ಮೊದಲು ಊರು ದಾಟು, ಆಮೇಲೆ ವಕೀಲರನ್ನ ನೋಡು" ಎಂದು ಉತ್ತರ ಕೊಟ್ಟಿದ್ದಾರೆ. ದಯವಿಟ್ಟು ಆ ಮಾತು ಕೇಳಬೇಡಿ. ಹಾಗೆ ಮಾಡಿದರೆ ಬಿದ್ದವರ ಜೀವಕ್ಕೂ ಅಪಾಯ, ಅವರ ಮನೆಯವರಿಗೆ ಬರಬೇಕಾದ ಪರಿಹಾರಕ್ಕೂ ಕಲ್ಲು, ಕೊನೆಗೆ ನಿಮ್ಮ ಕೇಸೂ ಬಿಗಿಯಾಗುತ್ತದೆ.

ಕಾನೂನು ಏನು ಹೇಳುತ್ತದೆ ನೋಡಿ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 132ರ ಪ್ರಕಾರ ಅಪಘಾತವಾದ ಕೂಡಲೇ ಗಾಡಿ ನಿಲ್ಲಿಸಬೇಕು, ಪೆಟ್ಟು ತಿಂದವರ ಕಡೆಯವರು ಕೇಳಿದರೆ ಡ್ರೈವರ್ ತನ್ನ ಹೆಸರು, ವಿಳಾಸ, ಮಾಲೀಕನ ಹೆಸರು, ವಿಳಾಸ ಕೊಡಬೇಕು. ಸೆಕ್ಷನ್ 134ರಲ್ಲಿ ಮೂರು ಕೆಲಸ ಇವೆ: ಗಾಯಗೊಂಡವರಿಗೆ ಚಿಕಿತ್ಸೆ ಸಿಗುವಂತೆ ಮಾಡುವುದು, ಪೊಲೀಸರಿಗೆ ತಿಳಿಸುವುದು, ಇನ್ಶೂರೆನ್ಸ್ ಕಂಪನಿಗೆ ಬರವಣಿಗೆಯಲ್ಲಿ ತಿಳಿಸುವುದು. ಇದರಲ್ಲಿ ತಪ್ಪು ಯಾರದು ಅನ್ನೋ ಪ್ರಶ್ನೆಯೇ ಬರುವುದಿಲ್ಲ. ಅವರೇ ಕುಡಿದು ಅಡ್ಡ ಬಂದಿರಲಿ, ಕತ್ತಲಲ್ಲಿ ಕಾಣದೇ ಇರಲಿ, ಈ ಮೂರೂ ನಿಮ್ಮ ಮೇಲಿವೆ. ಮಾಡದಿದ್ದರೆ ಸೆಕ್ಷನ್ 187ರಲ್ಲಿ 6 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇದು ಅಪಘಾತದ ಕೇಸಿನ ಜೊತೆಗೆ ಬೇರೆಯಾಗಿ ಬೀಳುವ ಕೇಸು.

ಮೊದಲ ಹತ್ತು ನಿಮಿಷದ ಮಾತು ಮೊದಲು. ಇಂಜಿನ್ ಬಂದ್ ಮಾಡಿ, ಪಾರ್ಕಿಂಗ್ ಬ್ರೇಕ್ ಹಾಕಿ, ಟ್ರೈಲರ್ ಗಾಲಿಗೆ ಎರಡೂ ಕಡೆ ಕಲ್ಲು ಕೊಡಿ. ನಮ್ಮ ಕಡೆಯ ಬಹಳಷ್ಟು ಟ್ರೈಲರ್‌ಗಳಿಗೆ ಬ್ರೇಕೇ ಇರುವುದಿಲ್ಲ, ಇಳಿಜಾರಿನಲ್ಲಿ ಲೋಡ್ ಇದ್ದರೆ ಟ್ರ್ಯಾಕ್ಟರ್ ಸಮೇತ ಜರುಗಿಬಿಡುತ್ತದೆ. ವ್ಯಕ್ತಿಯ ಕಾಲು ಗಾಲಿಯಡಿ ಸಿಕ್ಕಿದ್ದರೆ ಗಾಬರಿಯಲ್ಲಿ ರಿವರ್ಸ್ ಹಾಕಬೇಡಿ. ಗಾಲಿ ಅದೇ ಕಾಲಿನ ಮೇಲೆ ಎರಡನೇ ಸಲ ಉರುಳುತ್ತದೆ. ಜಾಕ್ ಕೊಟ್ಟು ಆಕ್ಸಲ್ ಎತ್ತಿ, ಅಡಿಗೆ ಕಟ್ಟಿಗೆ ಇಲ್ಲವೇ ಕಲ್ಲು ಕೊಟ್ಟುಕೊಂಡೇ ಕಾಲು ಬಿಡಿಸಬೇಕು. ರಕ್ತ ಹರಿಯುತ್ತಿದ್ದರೆ ಸ್ವಚ್ಛ ಬಟ್ಟೆ ಮಡಿಸಿ ಅದೇ ಜಾಗದಲ್ಲಿ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಐದೈದು ನಿಮಿಷಕ್ಕೆ ತೆಗೆದು ನೋಡಬೇಡಿ. ಕುತ್ತಿಗೆ, ಬೆನ್ನು ತಿರುಚಬೇಡಿ, ಎಬ್ಬಿಸಿ ಕೂರಿಸಬೇಡಿ. ಬಾಯಿಗೆ ನೀರು ಬಿಡಬೇಡಿ. ಎಚ್ಚರ ಇಲ್ಲದವರಿಗೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ, ಆಪರೇಷನ್ ಬೇಕಾದವರಿಗೂ ತೊಂದರೆ.

ಇಷ್ಟು ಮಾಡುವಾಗಲೇ ಒಬ್ಬರು ಆಂಬುಲೆನ್ಸ್‌ನ 108ಕ್ಕೆ, ಇನ್ನೊಬ್ಬರು ಪೊಲೀಸರ 112ಕ್ಕೆ ಫೋನ್ ಮಾಡಲಿ. ಹೆದ್ದಾರಿ ಆದರೆ 1033 ಕೂಡ ಇದೆ. ಜಾಗ ಹೇಳುವುದರಲ್ಲೇ ಹೆಚ್ಚು ಹೊತ್ತು ಹೋಗುತ್ತದೆ. ಎನ್‌ಎಚ್ 48ರಲ್ಲಿ "ಆನಗೋಡು ಹತ್ತಿರ" ಅಂದರೆ ಸಾಲದು. ಚಿತ್ರದುರ್ಗದಿಂದ ದಾವಣಗೆರೆ ಕಡೆ ಹೋಗುವ ಬದಿಯೋ, ದಾವಣಗೆರೆಯಿಂದ ಚಿತ್ರದುರ್ಗ ಕಡೆ ಬರುವ ಬದಿಯೋ, ಮುಖ್ಯ ರಸ್ತೆಯೋ ಸರ್ವಿಸ್ ರಸ್ತೆಯೋ, ಪಕ್ಕದ ಕಿಲೋಮೀಟರ್ ಕಲ್ಲಿನ ನಂಬರ್ ಎಷ್ಟು, ಇಷ್ಟೂ ಹೇಳಿ. ತಪ್ಪು ಬದಿಗೆ ಬಂದ ಆಂಬುಲೆನ್ಸ್ ಮುಂದಿನ ತಿರುವಿನವರೆಗೂ ಹೋಗಿ ಬರಬೇಕು. ಕತ್ತಲಾಗಿದ್ದರೆ ಹಿಂದೆ ಐವತ್ತು ಅರವತ್ತು ಹೆಜ್ಜೆ ದೂರದಲ್ಲಿ, ರಸ್ತೆಯಿಂದ ಇಳಿದು, ಟಾರ್ಚ್ ಹಿಡಿದು ಒಬ್ಬರು ನಿಲ್ಲಲಿ. ಟೈಲ್ ಲೈಟ್ ಇಲ್ಲದ ಟ್ರೈಲರ್‌ಗೆ ಹಿಂದಿನಿಂದ ಬೈಕು ಬಂದು ಗುದ್ದಿದರೆ ಒಂದು ಅಪಘಾತ ಎರಡಾಗುತ್ತದೆ.

ಆಂಬುಲೆನ್ಸ್ ತಡ ಅಂತ ಗೊತ್ತಾದರೆ ಹಲಗೆ ಮೇಲೆ ಮಲಗಿಸಿ ಗೂಡ್ಸ್ ಗಾಡಿಯಲ್ಲಿ ಹತ್ತಿರದ ಆಸ್ಪತ್ರೆಗೆ ಸಾಗಿಸಿ. ಟ್ರೈಲರ್‌ನಲ್ಲಿ ಬೇಡ, ಅದರ ಕುಲುಕಾಟಕ್ಕೆ ಮುರಿದ ಮೂಳೆ ಇನ್ನಷ್ಟು ಹಾಳಾಗುತ್ತದೆ. ತಲೆಗೆ ಪೆಟ್ಟಾದವರನ್ನು ಹತ್ತಿರದಲ್ಲಿ ಮೊದಲ ಚಿಕಿತ್ಸೆ ಕೊಡಿಸಿ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೋ, ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೋ ಕಳಿಸುವುದು ಸಾಮಾನ್ಯ. ಎಲ್ಲಿಗೆ ಅನ್ನುವುದನ್ನು 108ರ ಸಿಬ್ಬಂದಿಗೆ ಬಿಡಿ. ಯಾವ ಆಸ್ಪತ್ರೆಯೂ "ಮೊದಲು ಎಫ್‌ಐಆರ್ ತನ್ನಿ" ಅನ್ನುವಂತಿಲ್ಲ. ವಿಧಿವಿಧಾನಕ್ಕೆ ಕಾಯದೆ ತಕ್ಷಣ ನೋಡಬೇಕು ಎಂದು ಅದೇ ಸೆಕ್ಷನ್ 134 ವೈದ್ಯರಿಗೂ ಹೇಳುತ್ತದೆ, ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. 2025ರ ಮೇ ತಿಂಗಳಿಂದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯೂ ಇದೆ: ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಒಬ್ಬ ಗಾಯಾಳುವಿಗೆ ಅಪಘಾತದ ದಿನದಿಂದ 7 ದಿನದವರೆಗೆ 1.5 ಲಕ್ಷ ರೂಪಾಯಿ ತನಕ. ದಾಖಲಿಸುವಾಗಲೇ ರಸ್ತೆ ಅಪಘಾತ ಎಂದು ಬರೆಸಿ. "ಬಿದ್ದು ಪೆಟ್ಟಾಯಿತು" ಎಂದು ಬರೆಸಿದರೆ ಈ ಯೋಜನೆಯೂ ತಪ್ಪಿ ಹೋಗುತ್ತದೆ, ಮುಂದೆ ಕ್ಲೇಮಿನಲ್ಲೂ ಆ ಒಂದು ಸಾಲೇ ಮುಳ್ಳಾಗುತ್ತದೆ.

ಈಗ ಜನ ಹೊಡೆಯುವ ವಿಷಯ. ಆ ಭಯ ಸುಳ್ಳಲ್ಲ, ಕಾನೂನೂ ಅದನ್ನು ಒಪ್ಪುತ್ತದೆ. ಗುಂಪಿನ ಆಕ್ರೋಶದಿಂದ ಚಿಕಿತ್ಸೆ ಕೊಡಿಸಲು ಆಗದಿದ್ದರೆ ಅದು ತಪ್ಪಾಗುವುದಿಲ್ಲ ಎಂದು ಸೆಕ್ಷನ್ 134ರಲ್ಲೇ ಇದೆ. ಆದರೆ ಆ ರಿಯಾಯಿತಿ ಇರುವುದು ಜಾಗ ಬಿಡುವುದಕ್ಕೆ ಮಾತ್ರ. ಪ್ರಾಣಕ್ಕೆ ಕುತ್ತು ಅನಿಸಿದರೆ ಟ್ರ್ಯಾಕ್ಟರ್ ಅಲ್ಲೇ ಬಿಟ್ಟು, ಕೀ ತೆಗೆದುಕೊಂಡು, ನಡೆಯುತ್ತಲೇ 108ಕ್ಕೆ, 112ಕ್ಕೆ ಫೋನ್ ಮಾಡಿ ಹತ್ತಿರದ ಸ್ಟೇಷನ್‌ಗೆ ಹೋಗಿ. ಯಾಕೆ ಚಿಕಿತ್ಸೆ ಕೊಡಿಸಲು ಆಗಲಿಲ್ಲ ಎನ್ನುವುದನ್ನೂ ಅಲ್ಲಿ ಹೇಳಬೇಕು. ಕಾನೂನಿನ ಗಡುವು 24 ಗಂಟೆ, ಆದರೆ ಮೊದಲ ಮಾತು "ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ". ನಿಮ್ಮ ಫೋನಿನಿಂದ ಹೋದ ಆ ಎರಡು ಕರೆಗಳೇ ಓಡಿ ಹೋಗಿಲ್ಲ ಅನ್ನುವುದಕ್ಕೆ ಸಾಕ್ಷಿ. ಮನೆಗೆ ಹೋಗಿ ಶೆಡ್‌ನಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ ಬೆಳಗ್ಗೆ ಮಾಲೀಕರ ಜೊತೆ ಬರುವುದು ಈ ರಿಯಾಯಿತಿಯೊಳಗೆ ಬರುವುದಿಲ್ಲ.

ಭರಮಸಾಗರ, ಆನಗೋಡು ನಡುವೆ ಚಿತ್ರದುರ್ಗ, ದಾವಣಗೆರೆ ಎರಡು ಜಿಲ್ಲೆಯ ಗಡಿ ಇರುವುದರಿಂದ "ಇದು ನಮ್ಮ ಲಿಮಿಟ್ಸ್ ಅಲ್ಲ" ಎನ್ನುವ ಮಾತು ಬರಬಹುದು. ಎಲ್ಲಿ ಹೋದರೂ ಮಾಹಿತಿ ತೆಗೆದುಕೊಳ್ಳಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 173 ಪ್ರಕಾರ ಯಾವ ಠಾಣೆಯ ವ್ಯಾಪ್ತಿ ಎಂದು ನೋಡದೆ ದೂರು ದಾಖಲಿಸಬಹುದು. ಒಂದು ಹಾಳೆಯಲ್ಲಿ ದಿನ, ಹೊತ್ತು, ಜಾಗ, ಗಾಡಿ ನಂಬರ್, ಟ್ರೈಲರ್ ನಂಬರ್, ಯಾರಿಗೆ ಪೆಟ್ಟಾಯಿತು, ಯಾವ ಆಸ್ಪತ್ರೆ ಎಂದು ಬರೆದು ಕೊಟ್ಟು, ನಕಲಿನ ಮೇಲೆ ಸೀಲು, ಸಹಿ ತೆಗೆದುಕೊಳ್ಳಿ. ನಡೆದದ್ದಷ್ಟೇ ಬರೆಯಿರಿ, ತಪ್ಪು ಯಾರದು ಎಂದು ತೀರ್ಪು ಬರೆಯಬೇಡಿ.

ಗಾಡಿ ಸರಿಸುವ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಗಾಲಿ ಇರುವ ಜಾಗ, ಬ್ರೇಕ್ ಎಳೆದ ಗುರುತು, ರಸ್ತೆಯ ಅಂಚಿನಿಂದ ಇರುವ ದೂರ, ಬೀದಿ ದೀಪ ಇದೆಯೋ ಇಲ್ಲವೋ, ಎಲ್ಲ ಬರಲಿ. ಸರಿಸಲೇಬೇಕಾದರೆ ಗಾಲಿಗಳ ಪಕ್ಕ ಕಲ್ಲಿಟ್ಟು ಗುರುತು ಮಾಡಿ. ಮರುದಿನ ಪೊಲೀಸರು ಸ್ಥಳ ಪಂಚನಾಮೆ, ನಕ್ಷೆ ಮಾಡುವಾಗ ಆ ಗುರುತೇ ಆಧಾರ. ಆಮೇಲೆ ಮೋಟಾರು ವಾಹನ ಇನ್ಸ್‌ಪೆಕ್ಟರ್ ಗಾಡಿ ನೋಡಿ ಐಎಂವಿ ರಿಪೋರ್ಟ್ ಕೊಡುವ ತನಕ ಟ್ರ್ಯಾಕ್ಟರ್ ತೊಳೆಯಬೇಡಿ, ಒಡೆದ ಲೈಟ್ ಬದಲಿಸಬೇಡಿ, ಬ್ರೇಕ್ ಬಿಗಿ ಮಾಡಿಸಬೇಡಿ. ಬ್ರೇಕ್ ಚೆನ್ನಾಗಿಯೇ ಇತ್ತು ಎನ್ನುವ ಸತ್ಯವನ್ನೂ ಆ ರಿಪೇರಿ ಸಂಶಯಕ್ಕೆ ಗುರಿ ಮಾಡುತ್ತದೆ.

ನಮ್ಮ ಕಡೆ ಹೆಚ್ಚು ಕೆಡುವುದು ಡ್ರೈವರ್ ಬದಲಿಸುವುದರಲ್ಲಿ. ಓಡಿಸಿದವನಿಗೆ ಲೈಸೆನ್ಸ್ ಇಲ್ಲ, ಹಾಗಾಗಿ ಲೈಸೆನ್ಸ್ ಇರುವ ಅಣ್ಣನನ್ನೋ ಮಾವನನ್ನೋ ಸ್ಟೇಷನ್‌ಗೆ ಕಳಿಸುತ್ತಾರೆ. ಓಡಿಸಿದವರು ಯಾರು ಎಂದು ಸರಿಯಾಗಿ ಹೇಳುವುದು ಸೆಕ್ಷನ್ 133ರಲ್ಲಿ ಮಾಲೀಕನ ಕರ್ತವ್ಯ. ಫೋನಿನ ಲೊಕೇಶನ್, ಎಪಿಎಂಸಿ ಗೇಟಿನ ಕ್ಯಾಮೆರಾ, ಊರವರ ಹೇಳಿಕೆ, ಇವುಗಳಲ್ಲಿ ಒಂದು ಸಾಕು ಅದು ಬಯಲಾಗಲು. ಆಗ ಒಬ್ಬರ ಬದಲು ಇಬ್ಬರು ಆರೋಪಿಗಳು, ಇನ್ಶೂರೆನ್ಸ್ ಕಂಪನಿಗೂ ತಕರಾರು ತೆಗೆಯಲು ದಾರಿ. ಓಡಿಸಿದ್ದು 18 ತುಂಬದ ಹುಡುಗನಾದರೆ ಸೆಕ್ಷನ್ 199ಎ ಪ್ರಕಾರ ತಂದೆ ಅಥವಾ ಮಾಲೀಕನಿಗೆ 3 ವರ್ಷದವರೆಗೆ ಜೈಲು, 25,000 ದಂಡ, ಗಾಡಿ ರಿಜಿಸ್ಟ್ರೇಷನ್ 12 ತಿಂಗಳು ರದ್ದು. ಸುಗ್ಗಿಯ ಅವಸರದಲ್ಲಿ ಮಗನ ಕೈಗೆ ಸ್ಟೇರಿಂಗ್ ಕೊಡುವವರು ಇದನ್ನು ಇವತ್ತೇ ಮನೆಯಲ್ಲಿ ಹೇಳಿ. ಟ್ರ್ಯಾಕ್ಟರ್‌ಗೆ ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಸಾಕು, ಟ್ರೈಲರ್ ಜೋಡಿಸಿದ ಮಾತ್ರಕ್ಕೆ ಅದು ನಡೆಯುವುದಿಲ್ಲ ಅನ್ನುವಂತಿಲ್ಲ. ಅವಧಿ ಮುಗಿದಿದೆಯೋ ನೋಡಿಕೊಳ್ಳಿ ಅಷ್ಟೆ.

ಇನ್ಶೂರೆನ್ಸ್ ಕಡೆ ಬಹಳ ಜನ ಏಜೆಂಟರಿಗೆ ಫೋನ್ ಮಾಡಿ ಸುಮ್ಮನಾಗುತ್ತಾರೆ. ಕಾನೂನು ಕೇಳುವುದು ಬರವಣಿಗೆ: ಪಾಲಿಸಿ ನಂಬರ್ ಮತ್ತು ಅವಧಿ, ಅಪಘಾತದ ದಿನಾಂಕ, ಹೊತ್ತು, ಸ್ಥಳ, ಗಾಯಗೊಂಡವರ ಅಥವಾ ತೀರಿಕೊಂಡವರ ವಿವರ, ಡ್ರೈವರ್ ಹೆಸರು ಮತ್ತು ಲೈಸೆನ್ಸ್ ವಿವರ. ಇಮೇಲ್ ಇಲ್ಲವೇ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿ, ರಶೀದಿ ಇಟ್ಟುಕೊಳ್ಳಿ. ಸಾಲದ ಟ್ರ್ಯಾಕ್ಟರ್ ಆದರೆ ಪಾಲಿಸಿ ಕಾಪಿ ಬ್ಯಾಂಕಿನಲ್ಲೇ ಉಳಿದಿರುತ್ತದೆ, ಡ್ರೈವರ್‌ಗೆ ಕಂಪನಿ ಹೆಸರೂ ಗೊತ್ತಿರುವುದಿಲ್ಲ. ಅದರ ಫೋಟೋ ಇಂದೇ ಅವನ ಫೋನಿಗೆ ಹಾಕಿ. ಟ್ರೈಲರ್‌ಗೆ ಬೇರೆ ನಂಬರ್ ಇದೆ, ಪಾಲಿಸಿಯಲ್ಲಿ ಅದೂ ಸೇರಿದೆಯೋ ಓದಿ ನೋಡಿ. ತಾಗಿದ್ದು ಟ್ರೈಲರ್ ಆಗಿ, ಅದಕ್ಕೆ ವಿಮೆ ಇಲ್ಲದಿದ್ದರೆ ಕಂಪನಿ ಮೊದಲು ಎತ್ತುವ ತಕರಾರೇ ಅದು. ಕೃಷಿ ಪಾಲಿಸಿ ಇಟ್ಟುಕೊಂಡು ಇಟ್ಟಿಗೆ, ಮರಳು ಬಾಡಿಗೆ ಹೊಡೆಯುವಾಗ ಅಪಘಾತವಾದರೂ ಇದೇ ಕಥೆ. ಇಂಥ ಕಡೆ ಕಂಪನಿ ಮೊದಲು ಗಾಯಾಳುವಿಗೆ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದು ಕೋರ್ಟ್ ಆದೇಶ ಮಾಡುವುದುಂಟು. ಆಗ ಆ ವಸೂಲಿ ಮಾಲೀಕನ ಹೊಲದ ಮೇಲೆ ಬರುತ್ತದೆ.

ಓಡಿ ಹೋದರೆ ಬಿದ್ದವರ ಮನೆಯವರಿಗೆ ಎಷ್ಟು ನಷ್ಟ ಅನ್ನುವುದನ್ನು ಅಂಕಿಯಲ್ಲೇ ನೋಡಿ. ಗಾಡಿ ಯಾವುದೆಂದೇ ಗೊತ್ತಾಗದಿದ್ದರೆ ಸೆಕ್ಷನ್ 161ರ ಹಿಟ್ ಅಂಡ್ ರನ್ ಪರಿಹಾರ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000. ಗಾಡಿ ಗೊತ್ತಿದ್ದರೆ ಯಾರ ತಪ್ಪೆಂದು ಸಾಬೀತು ಮಾಡದೆಯೇ ಸೆಕ್ಷನ್ 164ರಲ್ಲಿ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ. ಅದರ ಬದಲು ತಪ್ಪು ಸಾಬೀತು ಮಾಡಿ ಸೆಕ್ಷನ್ 166ರಲ್ಲಿ ಹೋದರೆ ವಯಸ್ಸು, ದುಡಿಮೆ, ಅವಲಂಬಿತರನ್ನು ನೋಡಿ ಇದಕ್ಕಿಂತ ಹೆಚ್ಚೂ ಸಿಗಬಹುದು. ಆ ಅರ್ಜಿ 6 ತಿಂಗಳೊಳಗೆ ಹಾಕಬೇಕು ಎಂದು ಕಾಯ್ದೆ ಹೇಳುತ್ತದೆ, ಅವರ ಮನೆಯವರಿಗೂ ಇದನ್ನು ತಿಳಿಸಿ. ಕೂಲಿ ಮಾಡಿ ಮನೆ ನಡೆಸುತ್ತಿದ್ದವರ ಮನೆಗೆ ಈ ವ್ಯತ್ಯಾಸ ಏನೆಂದು ನಾನು ಬಿಡಿಸಿ ಹೇಳಬೇಕಿಲ್ಲ.

ಕೇಸು ಹೇಗಿರುತ್ತದೆ? ಅಜಾಗರೂಕ ಚಾಲನೆಗೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 281, ಗಾಯಕ್ಕೆ 125, ಸಾವಾದರೆ 106(1), ಅದರಲ್ಲಿ 5 ವರ್ಷದವರೆಗೆ ಶಿಕ್ಷೆ. ಇವೆಲ್ಲ ಜಾಮೀನು ಸಿಗುವ ಅಪರಾಧಗಳು, ಶ್ಯೂರಿಟಿ ಕೊಟ್ಟರೆ ಸ್ಟೇಷನ್‌ನಲ್ಲೇ ಬಿಡುಗಡೆ ಆಗುತ್ತದೆ. ಜೈಲಿನ ಭಯಕ್ಕೇ ಓಡುವವರು ಇದನ್ನು ತಿಳಿದುಕೊಳ್ಳಲಿ. ವಾಟ್ಸಾಪ್‌ನಲ್ಲಿ ಓಡಾಡುವ "10 ವರ್ಷ ಜೈಲು" ಇರುವುದು 106(2)ರಲ್ಲಿ, ಓಡಿ ಹೋಗಿ ತಿಳಿಸದೇ ಇದ್ದವರಿಗೆ. 2024ರ ಜುಲೈ 1ರಂದು ಸಂಹಿತೆ ಜಾರಿಯಾದಾಗ ಆ ಉಪವಿಧಿಯನ್ನು ಹೊರಗಿಟ್ಟಿದ್ದರು. ನಿಂತು ತಿಳಿಸಿದವರ ಮೇಲೆ ಅದು ಹೇಗೂ ಬರುವುದಿಲ್ಲ. ಕುಡಿದು ಓಡಿಸಿದ್ದರೆ ಮಾತ್ರ ಲೆಕ್ಕ ಬೇರೆ: 100 ಮಿಲಿ ರಕ್ತದಲ್ಲಿ ಮದ್ಯದ ಅಂಶ 30 ಮಿಲಿಗ್ರಾಂ ದಾಟಿದರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 185 ಸೇರುತ್ತದೆ. ಪರೀಕ್ಷೆ ನಿರಾಕರಿಸಿದರೆ ಅದೇ ನಿಮ್ಮ ವಿರುದ್ಧ ನಿಲ್ಲುತ್ತದೆ.

ಊರಲ್ಲೇ ಕೂತು ಮಾತಾಡಿ ಮುಗಿಸೋಣ ಎನ್ನುವ ರಾಜಿ ಪತ್ರದ ಬಗ್ಗೆ: ಆಸ್ಪತ್ರೆ ಖರ್ಚಿಗೆ ಕೈಲಾದಷ್ಟು ಕೊಡಿ, ಅದು ಮನುಷ್ಯತ್ವ, ಬಿಲ್ಲುಗಳನ್ನು ಇಟ್ಟುಕೊಳ್ಳಿ. ಆದರೆ "ತಪ್ಪು ನಮ್ಮದು, ಇಷ್ಟು ಲಕ್ಷ ಕೊಡುತ್ತೇವೆ" ಎಂದು ಬರೆದುಕೊಡಬೇಡಿ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ಹಾಗೆ ಒಪ್ಪಿಕೊಳ್ಳಬಾರದೆಂದು ಪಾಲಿಸಿಯ ಷರತ್ತಿನಲ್ಲೇ ಇದೆ. ಊರ ರಾಜಿಯಿಂದ ಎಫ್‌ಐಆರ್ ಅಳಿಸಿ ಹೋಗುವುದೂ ಇಲ್ಲ.

ಮುಂದಿನ ಕಾಗದಗಳಿಗೂ ದಿನ ಗೊತ್ತುಮಾಡಿದ್ದಾರೆ. ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು ಪರಿಹಾರದ ಅರ್ಜಿ ನೋಡುವ ಕ್ಲೇಮ್ಸ್ ಟ್ರಿಬ್ಯುನಲ್‌ಗೆ, ಇನ್ಶೂರೆನ್ಸ್ ಕಂಪನಿಗೆ ಕಳಿಸುತ್ತಾರೆ. ಡ್ರೈವರ್ ಫಾರಂ 3, ಮಾಲೀಕ ಫಾರಂ 4 ತುಂಬಿ 30 ದಿನದೊಳಗೆ ತನಿಖಾಧಿಕಾರಿಗೆ ಕೊಡಬೇಕು. ಟ್ರ್ಯಾಕ್ಟರ್ ಬಿಡಿಸಿಕೊಳ್ಳಲು ಆರ್‌ಸಿ, ಪಾಲಿಸಿ, ಲೈಸೆನ್ಸ್ ನಕಲು ಇಟ್ಟು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಬೇಕು. ಅಪಘಾತದ ದಿನ ವಿಮೆ ಇರದಿದ್ದರೆ ಕೋರ್ಟ್ ಒಪ್ಪುವಷ್ಟು ಭದ್ರತೆ ಇಡುವ ತನಕ ಗಾಡಿ ಸ್ಟೇಷನ್ ಅಂಗಳದಲ್ಲೇ ಇರುತ್ತದೆ, ಬಿತ್ತನೆ ಹೊತ್ತಾದರೂ ಅಷ್ಟೆ.