ಕೇಳಿದ್ದಕ್ಕೆ ಹೇಳಿದ್ದು: ಆ ಡ್ರಮ್ ಯಾಕೆ ಡಬ್ಬದ ಥರ ಕೇಳುತ್ತೆ?

ಹೋದ ಸಂಚಿಕೆಯಲ್ಲಿ 'ಸಮ್ ಕೈಂಡ್ ಆಫ್ ಮಾನ್‌ಸ್ಟರ್' ನೋಡಿ ಅಂತ ಎರಡು ಸಾಲು ಬರೆದಿದ್ದೆ. ಅಮೆರಿಕದ ಹೆವಿ ಮೆಟಲ್ ತಂಡ ಮೆಟಾಲಿಕಾ ಬ್ಯಾಂಡಿನವರು 2001ರಿಂದ 2003ರವರೆಗೆ 'ಸೇಂಟ್ ಆ್ಯಂಗರ್' ಅನ್ನೋ ಆಲ್ಬಮ್ ಮಾಡೋಕೆ ಪಟ್ಟ ಪಾಡೇ ಆ ಸಾಕ್ಷ್ಯಚಿತ್ರ. 2004ರಲ್ಲಿ ತೆರೆಗೆ ಬಂತು. ಮಂಡ್ಯದಲ್ಲಿ ಮೈಕು, ಬಾಕ್ಸು ಬಾಡಿಗೆಗೆ ಕೊಡುವವನ ಮಾತು ಕೇಳಿ ಇಷ್ಟು ಜನ ನೋಡುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ. ಈ ಸಲ ಬಂದ ಪ್ರಶ್ನೆಗಳೆಲ್ಲ ಅದರದ್ದೇ. ಹಾಗಾಗಿ ಆಂಪ್ಲಿಫೈಯರ್ ರಿಪೇರಿ ಬಗ್ಗೆ ಕೇಳಿದವರು ಇನ್ನೊಂದು ಹದಿನೈದು ದಿನ ತಡೆದುಕೊಳ್ಳಿ.

ಸಾರ್, ಸಿನಿಮಾ ನೋಡಿದ ಮೇಲೆ ಆಲ್ಬಮ್ ಹಾಕಿ ಕೇಳಿದೆ. ನಮ್ಮಜ್ಜಿ ಅಡುಗೆಮನೆಯಿಂದ ಬಂದು 'ಯಾರೋ ಎಣ್ಣೆ ಡಬ್ಬ ಬಡೀತಾವ್ರೆ' ಅಂದರು. ಅಷ್ಟು ದುಡ್ಡಿದ್ದೂ ಡ್ರಮ್ ಯಾಕೆ ಹಾಗೆ?
– ಇಂಜಿನಿಯರಿಂಗ್ ವಿದ್ಯಾರ್ಥಿ, ಕುವೆಂಪುನಗರ, ಮೈಸೂರು

ನಿಮ್ಮಜ್ಜಿ ಕಿವಿ ಸರಿಯಾಗಿದೆ. ಇಪ್ಪತ್ತು ವರ್ಷದಿಂದ ಮೆಟಾಲಿಕಾ ಅಭಿಮಾನಿಗಳು ಜಗಳ ಆಡುತ್ತಿರೋದೂ ಇದೇ ವಿಷಯಕ್ಕೆ.

ಡ್ರಮ್ ಸೆಟ್‌ನಲ್ಲಿ ಬಾರಿಸುವವನ ಮಂಡಿಗಳ ಮಧ್ಯೆ ಕೂರುತ್ತಲ್ಲ, ಅದು ಸ್ನೇರ್. ಅದಕ್ಕೆ ಮೇಲೊಂದು ಹಾಳೆ, ಕೆಳಗೊಂದು ಹಾಳೆ. ಕೆಳಗಿನ ಹಾಳೆಗೆ ತಾಗಿದಂತೆ ಸುರುಳಿ ಸುರುಳಿಯಾದ ಸಣ್ಣ ತಂತಿಗಳ ಪಟ್ಟಿ ಇರುತ್ತೆ. ಮೇಲೆ ಹೊಡೆದರೆ ಕೆಳಗಿನ ಹಾಳೆ ನಡುಗುತ್ತೆ, ತಂತಿಗಳು ಅದಕ್ಕೆ ಬಡಿಯುತ್ತವೆ. ನಮಗೆ ಕೇಳುವ 'ಛಟ್' ಅನ್ನೋ ಸದ್ದು ಆ ತಂತಿಗಳದ್ದು. ಪಕ್ಕದಲ್ಲಿ ಒಂದು ಸಣ್ಣ ಲಿವರ್ ಇರುತ್ತೆ. ಅದನ್ನು ಬಿಟ್ಟರೆ ತಂತಿ ಸಡಿಲವಾಗಿ ಕೆಳಗೆ ಜೋತುಬೀಳುತ್ತೆ. ಆಮೇಲೆ ಹೊಡೆದರೆ ಛಟ್ ಇಲ್ಲ, ಬರೀ 'ಠಣ್'. ಡ್ರಮ್ಮರ್ ಲಾರ್ಸ್ ಉಲ್ರಿಕ್‌ಗೆ ಆ ಠಣ್ ಹಿಡಿಸಿತು. ಹಾಗೇ ಇಟ್ಟು ಇಡೀ ಆಲ್ಬಮ್ ಮುಗಿಸಿದ.

ನಮ್ಮ ಕಡೆ ಹಬ್ಬದಲ್ಲಿ ನೋಡಿರುತ್ತೀರಿ. ತಮಟೆಯವರು ಬಾರಿಸೋಕೆ ಮುಂಚೆ ಒಣಹುಲ್ಲಿಗೆ ಬೆಂಕಿ ಹಚ್ಚಿ ಚರ್ಮ ಕಾಯಿಸುತ್ತಾರೆ. ಬೆರಳಲ್ಲಿ ತಟ್ಟುತ್ತಾರೆ, ಕಿವಿ ಕೊಡುತ್ತಾರೆ, ಮತ್ತೆ ಕಾಯಿಸುತ್ತಾರೆ. ಚರ್ಮ ಬಿಗಿಯಾಗದೆ ಒಂದು ಏಟೂ ಹಾಕಲ್ಲ. ಲಾರ್ಸ್ ಮಾಡಿದ್ದು ಕಾಯಿಸದ ತಮಟೆಯಲ್ಲಿ ಪೂರ್ತಿ ಮೆರವಣಿಗೆ ಮುಗಿಸಿದ ಹಾಗೆ. ನನಗೆ ಮಾತ್ರ ಆ ಸದ್ದು ಈಗೀಗ ಇಷ್ಟ. ಸಿನಿಮಾ ನೋಡಿದ ಮೇಲೆ ಅದು ಸಿಟ್ಟು ಬಂದವನು ಕೈಗೆ ಸಿಕ್ಕಿದ್ದನ್ನು ಬಡಿದ ಹಾಗೇ ಕೇಳುತ್ತೆ. ಅಜ್ಜಿಗೆ ಹೇಳಬೇಡಿ.

ಆ ಆಲ್ಬಮ್‌ನಲ್ಲಿ ಒಂದೂ ಗಿಟಾರ್ ಸೋಲೊ ಇಲ್ಲ. ಗಿಟಾರಿಸ್ಟ್ ಕರ್ಕ್ ಹ್ಯಾಮೆಟ್ ಸುಮ್ನೆ ಒಪ್ಪಿಕೊಂಡನಾ?
– ಸರಸ್ವತಿಪುರಂ, ಮೈಸೂರು

ಸುಮ್ನೆ ಒಪ್ಪಲಿಲ್ಲ. ಸೋಲೊ ಅಂದರೆ ಹಾಡಿನ ಮಧ್ಯೆ ಗಿಟಾರ್ ಒಂದೇ ಮುಂದೆ ಬಂದು ಮೆರೆಯೋ ಭಾಗ. ಈಗಿನ ಕಾಲಕ್ಕೆ ಸೋಲೊ ಹಳೇದು ಅಂತ ಉಳಿದವರು ಅಂದಾಗ, ಸೋಲೊ ಬಿಟ್ಟರೇನೇ ಇದು ಈ ಕಾಲಕ್ಕೆ ಅಂಟಿಕೊಂಡುಬಿಡುತ್ತೆ ಅಂತ ವಾದ ಮಾಡಿದ. ಇಡೀ ಸಿನಿಮಾದಲ್ಲಿ ಕಡಿಮೆ ಮಾತಾಡುವವನು ಅವನೇ, ಸರಿಯಾಗಿ ಮಾತಾಡಿದವನೂ ಅವನೇ. ಯಾರೂ ಕೇಳಲಿಲ್ಲ. ಮನೆಯಲ್ಲಿ ಮಧ್ಯದ ಮಗನ ಪಾಡು ಹೀಗೇ ಅಲ್ವಾ?

ಮಾತಾಡಿಸೋಕೆ ಅಂತ ಒಬ್ಬರನ್ನು ಇಟ್ಟುಕೊಂಡು ತಿಂಗಳಿಗೆ 40,000 ಡಾಲರ್ ಕೊಟ್ಟರಂತಲ್ಲ. ಇದು ಹುಚ್ಚಲ್ವಾ? ಆ ದುಡ್ಡಲ್ಲಿ ನಮ್ಮ ಶಾಲೆಗೆ ಛಾವಣಿ ಹಾಕಿಸಬಹುದಿತ್ತು.
– ಶಿಕ್ಷಕಿ, ಮದ್ದೂರು

ಹಾಕಿಸಬಹುದಿತ್ತು, ಮೇಡಂ. ಆಗಿನ ಲೆಕ್ಕದಲ್ಲಿ ಅದು ಹತ್ತಿರ ಹತ್ತಿರ 19 ಲಕ್ಷ ರೂಪಾಯಿ. ಅವರ ಹೆಸರು ಫಿಲ್ ಟೌಲ್, ತಂಡದವರನ್ನು ಕೂರಿಸಿ ಮನಸ್ಸು ಬಿಚ್ಚಿ ಮಾತಾಡಿಸುವ ಥೆರಪಿಸ್ಟ್. 2001ರ ಜನವರಿಯಲ್ಲಿ ಬಾಸ್ ಗಿಟಾರಿನ ಜೇಸನ್ ನ್ಯೂಸ್ಟೆಡ್ ಬ್ಯಾಂಡ್ ಬಿಟ್ಟ ಹೊತ್ತಿನಲ್ಲಿ ಕರೆಸಿದ್ದು. ಉಳಿದವರಾದರೂ ಒಡೆದುಹೋಗದೆ ಇರಲಿ ಅಂತ. ಅಷ್ಟರಲ್ಲಿ ಹಾಡುಗಾರ ಜೇಮ್ಸ್ ಹೆಟ್‌ಫೀಲ್ಡ್ ಕುಡಿತ ಬಿಡೋಕೆ ಚಿಕಿತ್ಸೆಗೆ ಹೋದ. ತಿಂಗಳುಗಟ್ಟಲೆ ಸ್ಟುಡಿಯೋ ಖಾಲಿ. ಕೊನೆಕೊನೆಗೆ ಟೌಲ್ ಸಾಹೇಬರು ಹಾಡಿನ ಸಾಲುಗಳನ್ನೂ ಸೂಚಿಸೋಕೆ ಶುರುಮಾಡಿ, ಅವರನ್ನು ಕಳಿಸೋದು ಹೇಗೆ ಅನ್ನೋದೇ ಇವರಿಗೆ ಹೊಸ ತಲೆನೋವು.

ಆದರೂ ನಾನು ನಗಲ್ಲ. ಯಾಕೆ ಅಂತ ಹೇಳ್ತೀನಿ. 1996ರಲ್ಲಿ ನಮ್ಮ ಆರ್ಕೆಸ್ಟ್ರಾದವರು ಮೈಸೂರಿನ ಒಂದು ಸ್ಟುಡಿಯೋದಲ್ಲಿ ಭಕ್ತಿಗೀತೆ ಕ್ಯಾಸೆಟ್ ಮಾಡೋಕೆ ಹೋದೆವು. ಒಂದು ದಿನದ ಬಾಡಿಗೆ, ಎಂಟು ಹಾಡು. ನಾನು ರಿದಮ್ ಪ್ಯಾಡು, ನನ್ನ ಜೊತೆಗಾರ ಕೀಬೋರ್ಡು. ಆರು ಹಾಡು ಚೆನ್ನಾಗೇ ಬಂತು. ಊಟಕ್ಕೆ ಕೂತಾಗ ಕ್ಯಾಸೆಟ್ ಕವರಿನ ಮೇಲೆ ಯಾರ ಹೆಸರು ಮೊದಲು ಅನ್ನೋ ಮಾತು ಬಂತು. ಅಷ್ಟೇ. ಉಳಿದೆರಡು ಹಾಡು ಆಗಲೇ ಇಲ್ಲ. ಸಾಮಾನು ಪಾಲು ಮಾಡಿಕೊಂಡೆವು, ಪ್ಯಾಡು ನನಗೆ, ಎಕೋ ಮಿಷನ್ನು ಅವನಿಗೆ. ಇಬ್ಬರದೂ ಒಂದೇ ಬೀದಿ. ಬೆಳಿಗ್ಗೆ ಹಾಲಿಗೆ ಒಂದೇ ಡೇರಿ ಮುಂದೆ ನಿಲ್ಲುತ್ತಿದ್ದೆವು, ಒಂಬತ್ತು ವರ್ಷ ಮಾತಿಲ್ಲ.

ಒಂದು ಗೃಹಪ್ರವೇಶದಲ್ಲಿ ನನ್ನ ಆಂಪ್ಲಿಫೈಯರ್ 'ಗುಂಯ್' ಅಂತ ಹಟ ಹಿಡಿದು ಕೂತಿತ್ತು. ಪುರೋಹಿತರು ನನ್ನನ್ನೇ ನೋಡುತ್ತಿದ್ದಾರೆ. ಊಟಕ್ಕೆ ಬಂದಿದ್ದ ಅವನು ಹಿಂದಿನಿಂದ ಬಂದು ಬಗ್ಗಿ, 'ಅರ್ತು ಬಿಟ್ಟದೆ ಕಣ್ಲಾ' ಅಂದ. ಒಂಬತ್ತು ವರ್ಷದ ಮೇಲೆ ಮೊದಲ ಮಾತು. ಪ್ಲಗ್ಗಿನೊಳಗೆ ವೈರು ನಿಜವಾಗಿಯೂ ಬಿಟ್ಟಿತ್ತು. ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ಪಾಯಸ ಉಂಡೆವು. ಅವತ್ತು ಮೈಸೂರಲ್ಲಿ ಯಾರಾದರೂ ಹಿರಿಯರು ಇಬ್ಬರನ್ನೂ ಎದುರಾಬದುರಾ ಕೂರಿಸಿದ್ದರೆ? 19 ಲಕ್ಷ ನಮ್ಮಲ್ಲಿರಲಿಲ್ಲ. ಊಟದ ಬಿಲ್ಲಿಗೇ ಚಂದಾ ಎತ್ತಿದ್ದೆವು.

ಚಿಕಿತ್ಸೆಯಿಂದ ಬಂದ ಮೇಲೆ ಜೇಮ್ಸ್ 12ರಿಂದ 4 ಗಂಟೆ ಮಾತ್ರ ಕೆಲಸ ಅಂತಾನೆ. ಹೀಗೂ ಉಂಟಾ?
– ಗುತ್ತಲು ರಸ್ತೆ, ಮಂಡ್ಯ

ಅಷ್ಟೇ ಆಗಿದ್ದರೆ ಲಾರ್ಸ್ ಸಹಿಸಿಕೊಳ್ಳುತ್ತಿದ್ದ. ತಾನು ಹೋದ ಮೇಲೆ ಉಳಿದವರು ರೆಕಾರ್ಡ್ ಆಗಿದ್ದನ್ನು ಕೇಳುವುದೂ ಬೇಡ ಅಂದ ನೋಡಿ, ಅಲ್ಲಿ ಕೆಟ್ಟಿತು. ಲಾರ್ಸ್ ರೂಮಿನಲ್ಲಿ ಬೋನಿನ ಹುಲಿ ಥರ ಅತ್ತಿಂದಿತ್ತ ಓಡಾಡಿ, ಕೊನೆಗೆ ಜೇಮ್ಸ್ ಮುಖದ ಹತ್ತಿರ ಹೋಗಿ ಒಂದು ಬೈಗುಳ ಕಿರುಚುತ್ತಾನೆ. ಮನೆಮಂದಿ ಜೊತೆ ನೋಡುವವರು ಆ ಹೊತ್ತಿಗೆ ರಿಮೋಟ್ ಕೈಯಲ್ಲಿಟ್ಟುಕೊಳ್ಳಿ.

ಸಿನಿಮಾದಲ್ಲಿ ನಿಮಗೆ ಇಷ್ಟವಾದವರು?
– ಶ್ರೀರಂಗಪಟ್ಟಣ

ಲಾರ್ಸ್ ಅಪ್ಪ, ಟಾರ್ಬನ್ ಉಲ್ರಿಕ್. ಎದೆಯುದ್ದ ಗಡ್ಡ, ಒಳ್ಳೆ ಟೆನಿಸ್ ಆಟಗಾರನಾಗಿದ್ದವರು. ಮಗ ಹೊಸ ಟ್ರ್ಯಾಕ್ ಹಾಕಿ ಹೇಗಿದೆ ಅಂತ ಕೇಳಿದರೆ, ತಣ್ಣಗೆ 'ಅಳಿಸಿಹಾಕು' ಅಂದುಬಿಡುತ್ತಾರೆ. ಕೋಟಿಗಟ್ಟಲೆ ಆಲ್ಬಮ್ ಮಾರಿದ ಮಗನ ಮುಖ ಆಗ ಮಾರ್ಕ್ಸ್ ಕಾರ್ಡ್ ಹಿಡಿದ ಎಸ್ಸೆಸ್ಸೆಲ್ಸಿ ಹುಡುಗನ ಥರ ಆಗುತ್ತೆ.

ಡೇವ್ ಮಸ್ಟೇನ್ ಕಣ್ಣೀರು ಹಾಕೋದು ನಾಟಕ ಅಂತಾನೆ ನನ್ನ ರೂಮ್‌ಮೇಟ್. ನೀವೇನಂತೀರಿ?
– ಹೆಬ್ಬಾಳು, ಮೈಸೂರು

ನಿಮ್ಮ ರೂಮ್‌ಮೇಟ್‌ನನ್ನು ಯಾರೂ ಬೆಳಿಗ್ಗೆ ಎಬ್ಬಿಸಿ, ಕೈಗೆ ಬಸ್ ಟಿಕೆಟ್ ಕೊಟ್ಟು, ಬ್ಯಾಂಡಿನಿಂದ ಕಳಿಸಿಲ್ಲ. 1983ರಲ್ಲಿ ಮೆಟಾಲಿಕಾದ ಆಗಿನ ಗಿಟಾರಿಸ್ಟ್ ಮಸ್ಟೇನ್‌ಗೆ ಹಾಗೇ ಆಯಿತು. ನ್ಯೂಯಾರ್ಕಿನಿಂದ ಕ್ಯಾಲಿಫೋರ್ನಿಯಾವರೆಗೆ, ದಿನಗಟ್ಟಲೆ ಬಸ್ಸಿನಲ್ಲಿ. ಆಮೇಲೆ ಮೆಗಾಡೆತ್ ಅನ್ನೋ ಸ್ವಂತ ಬ್ಯಾಂಡ್ ಕಟ್ಟಿದ, ದೊಡ್ಡ ಹೆಸರು ಮಾಡಿದ. ಆದರೂ ಲಾರ್ಸ್ ಎದುರು ಕೂತಾಗ ಆ ಬಸ್ಸಿನಿಂದ ಇನ್ನೂ ಇಳಿದೇ ಇಲ್ಲ ಅನಿಸುತ್ತೆ. ನಾಟಕ ಅಲ್ಲ.

ಹೊಸ ಬಾಸ್ ಗಿಟಾರಿನವನಿಗೆ ಹತ್ತು ಲಕ್ಷ ಡಾಲರ್ ಮುಂಗಡ ಕೊಟ್ಟರಲ್ಲ, ಅಷ್ಟು ಯೋಗ್ಯತೆ ಇದೆಯಾ?
– ವಿದ್ಯಾನಗರ, ಮಂಡ್ಯ

ರಾಬರ್ಟ್ ಟ್ರುಹಿಯೊ 2003ರಲ್ಲಿ ಬಂದ. ಆಲ್ಬಮ್‌ನಲ್ಲಿ ಬಾಸ್ ಬಾರಿಸಿದ್ದು ಅವನಲ್ಲ, ನಿರ್ಮಾಪಕ ಬಾಬ್ ರಾಕ್. ದುಡ್ಡಿನ ಮಾತು ಕೇಳಿ ಟ್ರುಹಿಯೊಗೆ ಮಾತೇ ಹೊರಡಲ್ಲ. ಯೋಗ್ಯತೆಗೆ ನಾನೇ ಸಾಕ್ಷಿ. 2011ರ ಅಕ್ಟೋಬರ್ 30ರಂದು ಬೆಂಗಳೂರು ಅರಮನೆ ಮೈದಾನದಲ್ಲಿ ಅವರು ಬಾರಿಸಿದಾಗ ನಾನಿದ್ದೆ. ಎರಡು ದಿನ ಮುಂಚೆ ದೆಹಲಿ ಕಡೆಯ ಕಾರ್ಯಕ್ರಮ ರದ್ದಾಗಿತ್ತು, ಇದೂ ಕೈಕೊಟ್ಟೀತು ಅಂತ ಜೀವ ಕೈಯಲ್ಲಿ ಹಿಡಿದು ಹೋಗಿದ್ದೆ. ಟ್ರುಹಿಯೊ ಏಡಿ ಥರ ಬಗ್ಗಿ ಬಾರಿಸುತ್ತಾನೆ, ಗಿಟಾರು ನೆಲಕ್ಕೆ ತಾಗುತ್ತೇನೋ ಅನ್ನುವಷ್ಟು ಕೆಳಗೆ. ಸದ್ದು ಕಿವಿಗೆ ಬರಲಿಲ್ಲ, ಪಕ್ಕೆಲುಬಿಗೆ ಬಂತು. ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ ರಾತ್ರಿ ಬಸ್ ಹತ್ತಿದರೆ ಕಂಡಕ್ಟರ್ 'ಎಲ್ಲಿಗೆ' ಅಂತ ಮೂರು ಸಲ ಕೇಳಬೇಕಾಯಿತು.

ನನ್ನ ಮಗ ಪಿಯುಸಿ. ಗೆಳೆಯರ ಜೊತೆ ಬ್ಯಾಂಡ್ ಕಟ್ಟಿದ್ದ. ಈ ಸಿನಿಮಾ ನೋಡಿ 'ಅವರೇ ಹೀಗೆ ಕಚ್ಚಾಡ್ತಾರೆ, ನಂಗೆ ಬೇಡ' ಅಂತ ಬಿಟ್ಟಿದ್ದಾನೆ. ನೀವು ಬರೆದಿದ್ದಕ್ಕೇ ನೋಡಿದ್ದು. ಈಗ ನೀವೇ ಹೇಳಿ.
– ಒಬ್ಬ ತಾಯಿ, ಮಂಡ್ಯ

ಅಮ್ಮಾ, ತಪ್ಪಾಯಿತು. ಸಿನಿಮಾ ಪೂರ್ತಿ ನೋಡಿದನಾ ಅಂತ ಕೇಳಿ. ಎರಡು ಗಂಟೆಗೂ ಜಾಸ್ತಿ ಇದೆ, ಮಧ್ಯದಲ್ಲಿ ಎದ್ದುಹೋಗಿರಬಹುದು. ಕೊನೆಯಲ್ಲಿ ಅವರು ಮತ್ತೆ ವೇದಿಕೆ ಹತ್ತುತ್ತಾರೆ.

ಭಾನುವಾರ ಹುಡುಗನನ್ನು ಅಂಗಡಿಗೆ ಕಳಿಸಿ. ಆ ಹಳೇ ರಿದಮ್ ಪ್ಯಾಡು ಇನ್ನೂ ಇದೆ, ಎರಡನೇ ಪ್ಯಾಡಿನ ರಬ್ಬರು ಕಿತ್ತುಹೋಗಿದೆ, ಉಳಿದವು ಚೆನ್ನಾಗಿವೆ. ಹನ್ನೊಂದರ ಮೇಲೆ ಬಂದರೆ ಕೀಬೋರ್ಡಿನವನೂ ಟೀ ಕುಡಿಯೋಕೆ ಬಂದಿರುತ್ತಾನೆ. ಕ್ಯಾಸೆಟ್ ಕವರಿನ ವಿಷಯ ಮಾತ್ರ ಎತ್ತಬೇಡ ಅಂತ ಹೇಳಿ ಕಳಿಸಿ.