ಹದಿನೈದು ದಿನ ಹೊಳೆಬದಿಯಲ್ಲಿ

ಪ್ರಶ್ನೆ: ಶಿರಿಯಾ ಹೊಳೆಯ ಬದಿಯಲ್ಲಿ ಅಪ್ಪನ ಕಾಲದ ಸಣ್ಣ ಮನೆ ಇದೆ. ಹಂಚಿನ ಮಾಡು, ಒಂದು ಕೋಣೆ, ಒಂದು ಜಗಲಿ. ರಸ್ತೆ ಇಲ್ಲ, ತೆಂಗಿನ ತೋಟದ ಬದುವಿನಲ್ಲಿ ಕಾಲು ಗಂಟೆ ನಡೆಯಬೇಕು. ಕನ್ನಡ ಶಾಲೆಯಲ್ಲಿ ಪಾಠ ಮಾಡಿ ಈ ವರ್ಷ ನಿವೃತ್ತನಾದೆ. ಧನು ತಿಂಗಳಲ್ಲಿ ಅಲ್ಲಿ ಒಬ್ಬನೇ ಸುಮ್ನೆ ಇದ್ದು ಬರುವ ಆಸೆ. ಹೆಂಡತಿ "ಒಬ್ಬರೇ ಏನು ಮಾಡ್ತೀರಿ, ಹಾವು ಹುಳ ಬೇರೆ" ಅನ್ನುತ್ತಾಳೆ. ಮಗ "ಎರಡು ದಿನ ಸಾಕು" ಅನ್ನುತ್ತಾನೆ. ಹೋಗಲೋ ಬೇಡವೋ?
— ನಿವೃತ್ತ ಅಧ್ಯಾಪಕರು, ಕುಂಬಳೆ

ಉತ್ತರ: ಹೋಗಿ ಮಾಸ್ಟ್ರೇ. ಆದರೆ ಎರಡು ದಿನಕ್ಕೆ ಬೇಡ. ಅಮಾವಾಸ್ಯೆಗೆ ಹೋಗಿ, ಹುಣ್ಣಿಮೆ ನೋಡಿ ಬನ್ನಿ.

ಯಾಕೆ ಅಂತ ಹೇಳುತ್ತೇನೆ. ಮೊದಲ ಎರಡು ದಿನ ಮನಸ್ಸು ಇನ್ನೂ ಊರಲ್ಲೇ ಇರುತ್ತದೆ, ಹತ್ತು ಗಂಟೆ ಆದಾಗ ಶಾಲೆಯ ಬೆಲ್ ಎಲ್ಲಿ ಅಂತ ಕಿವಿ ಹುಡುಕುತ್ತದೆ. ಮೂರನೇ ದಿನದಿಂದ ಹೊಳೆಯ ಗಂಟೆ ಕೇಳಲು ಶುರುವಾಗುತ್ತದೆ. ಸಮುದ್ರ ಸೇರುವ ಅಳಿವೆ ಹತ್ತಿರದ ಹೊಳೆಗೆ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ ಅಲ್ವಾ? ಅದು ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇವತ್ತು ಬೆಳಿಗ್ಗೆ ಏಳಕ್ಕೆ ನೀರು ತುಂಬಿದರೆ ನಾಳೆ ಎಂಟರ ಹತ್ತಿರ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಅಷ್ಟಮಿ ಹೊತ್ತಿಗೆ ಎರಡೂ ಕಮ್ಮಿ. ಈ ಪೂರ್ತಿ ಸುತ್ತು ಕಣ್ಣಿಗೆ ಕಾಣಬೇಕಾದರೆ ಹದಿನೈದು ದಿನ ಬೇಕೇ ಬೇಕು.

ಕೆಲವು ವರ್ಷಗಳ ಹಿಂದೆ ನಾನು ಚಂದ್ರಗಿರಿ ಹೊಳೆ ಬದಿಯ ನೆಂಟರ ಮನೆಯಲ್ಲಿ ಹೀಗೇ ಇದ್ದೆ. ಅಲ್ಲಿ ನೀರಿಗೆ ಇಳಿಯಲು ಏಳು ಕಲ್ಲಿನ ಮೆಟ್ಟಿಲು. ನೀರು ಎಷ್ಟನೇ ಮೆಟ್ಟಿಲಿಗೆ ಬಂತು ಅಂತ ನೋಡುವುದೇ ನನ್ನ ಕೆಲಸ. ನೀರು ಇಳಿದಾಗ ಕೆಸರಿನ ಮೇಲೆ ಬೆರಳ ತುದಿಯಷ್ಟು ತೂತುಗಳು ಕಾಣುತ್ತವೆ. ಅಲುಗಾಡದೆ ಐದು ನಿಮಿಷ ಕೂತರೆ ಒಂದೊಂದರಿಂದ ಒಂದೊಂದು ಪುಟ್ಟ ಏಡಿ ಹೊರಗೆ ಬರುತ್ತದೆ. ಗಂಡು ಏಡಿಗೆ ಒಂದು ಕೈ ಮಾತ್ರ ಮೈಯಷ್ಟೇ ದೊಡ್ಡದು. ಅದನ್ನು ಎತ್ತಿ ಇಳಿಸಿ, ಎತ್ತಿ ಇಳಿಸಿ, ಹೆಣ್ಣನ್ನು ಕರೆಯುತ್ತಾ ಇರುತ್ತದೆ. ನೀವು ಕೆಮ್ಮಿದರೆ ಸಾಕು, ಇಡೀ ಕೆಸರು ಖಾಲಿ. "ಏನು ಮಾಡ್ತೀರಿ" ಅಂತ ಕೇಳಿದವರಿಗೆ ಇದನ್ನೇ ಹೇಳಿ. ಪುಸ್ತಕ ಜಾಸ್ತಿ ಹೊರಬೇಡಿ, ಒಂದು ಸಾಕು.

ರಾತ್ರಿಗೆ ಇನ್ನೊಂದು ಭಾಗ್ಯ ಇದೆ. ನೀವು ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರು, ಧನು ತಿಂಗಳು ಯಕ್ಷಗಾನದ ಆಟದ ಕಾಲ. ತಣ್ಣಗಿನ ರಾತ್ರಿ ನೀರಿನ ಮೇಲೆ ಶಬ್ದ ಬಹಳ ದೂರ ಬರುತ್ತದೆ. ಆಚೆ ದಡದಲ್ಲಿ ಎಲ್ಲೋ ಚೆಂಡೆ ಬಿದ್ದರೆ ಜಗಲಿಯಲ್ಲಿ ಮಲಗಿದಲ್ಲಿಗೇ ಕೇಳುತ್ತದೆ, ಭಾಗವತರ ಪದ ಗಾಳಿಯ ಜೊತೆ ಬಂದು ಹೋಗಿ ಮಾಡುತ್ತದೆ. ಯಾವ ಪ್ರಸಂಗ ಅಂತ ಊಹಿಸುತ್ತಾ ನಿದ್ದೆ ಹೋಗಬಹುದು.

ಆದರೆ ನಿಮ್ಮ ಮನೆಯವರ ಹೆದರಿಕೆ ಸುಳ್ಳಲ್ಲ. ಸೌದೆ, ತೆಂಗಿನ ಸಿಪ್ಪೆಯ ರಾಶಿ ಗೋಡೆಗೆ ತಾಗಿ ಇರಬಾರದು, ಅಲ್ಲಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು. ಕತ್ತಲಾದ ಮೇಲೆ ಟಾರ್ಚ್ ಇಲ್ಲದೆ ಅಂಗಳಕ್ಕೆ ಇಳಿಯಬೇಡಿ. ಪಾಚಿ ಹಿಡಿದ ಮೆಟ್ಟಿಲು ಹಾವಿಗಿಂತ ಅಪಾಯ, ಹೋದ ದಿನವೇ ತಿಕ್ಕಿಸಿ. ಫೋನಿಗೆ ಸಿಗ್ನಲ್ ಬದುವಿನ ಯಾವ ಜಾಗದಲ್ಲಿ ಸಿಗುತ್ತದೆ ನೋಡಿಟ್ಟುಕೊಂಡು ದಿನಾ ಸಂಜೆ ಒಂದೇ ಹೊತ್ತಿಗೆ ಮನೆಗೆ ಫೋನ್ ಮಾಡಿ. ಮತ್ತೆ, ಅವರನ್ನೂ ಒಂದು ದಿನ ಕರೆಸಿಕೊಳ್ಳಿ ಮಾಸ್ಟ್ರೇ. ಕುಚ್ಚಲಕ್ಕಿ ಗಂಜಿ, ಸುಟ್ಟ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ, ನೀವೇ ಬಡಿಸಿ.

ಪ್ರಶ್ನೆ: ನಮ್ಮದೂ ಹೊಳೆಬದಿ. ಸಂಕ್ರಾಂತಿ ಕಳೆದರೆ ಬಾವಿ ನೀರು ಉಪ್ಪಾಗುತ್ತದೆ. ಏನು ಮಾಡಲಿ?
— ಗೃಹಿಣಿ, ಮಂಜೇಶ್ವರ

ಉತ್ತರ: ಪಂಪನ್ನು ತುಂಬಾ ಹೊತ್ತು ಬಿಡಬೇಡಿ ಅಮ್ಮಾ. ಸಿಹಿ ನೀರು ಹಗುರ, ಅದು ಉಪ್ಪು ನೀರಿನ ಮೇಲೆ ತೇಲುತ್ತಾ ಇರುತ್ತದೆ. ಮೇಲಿನದು ಒಂದು ಅಡಿ ಇಳಿದರೆ ಕೆಳಗಿನದು ಸುಮಾರು 40 ಅಡಿ ಏರುತ್ತದೆ ಎನ್ನುವುದು ಅಂತರ್ಜಲದವರ ಹಳೆ ಲೆಕ್ಕ. ಕೊಡಪಾನದಲ್ಲಿ ಸೇದಿ, ಇಲ್ಲವೇ ಸ್ವಲ್ಪ ಸ್ವಲ್ಪವೇ ಎತ್ತಿ. ಮಳೆ ನಿಂತ ಮೇಲೆ ಹೊಳೆಯ ಹರಿವು ಸೊರಗುತ್ತದೆ, ಭರತದ ನೀರು ಮೇಲಕ್ಕೆ ನುಗ್ಗುತ್ತದೆ. ಕಾಸರಗೋಡು ಪೇಟೆಗೆ ನೀರು ಎತ್ತುವ ಪಯಸ್ವಿನಿ ಹೊಳೆಯ ಬಾವಿಕ್ಕೆರೆಯಲ್ಲೂ ವರ್ಷಗಟ್ಟಲೆ ಇದೇ ಗೋಳು ಇತ್ತು, ಪೇಟೆಯವರು ಬೇಸಿಗೆಯಲ್ಲಿ ಉಪ್ಪು ನೀರೇ ಕುಡಿದಿದ್ದಾರೆ. ಏತಡ್ಕದ ಕೃಷಿಕರು ಮಳೆ ಮುಗಿದ ಮೇಲೆ ತೋಡುಗಳಿಗೆ ಕಟ್ಟ, ಅಂದರೆ ಅಡ್ಡ ಒಡ್ಡು, ಹಾಕಿ ನೀರು ಇಂಗಿಸುತ್ತಾರೆ. ನಿಮ್ಮ ತೋಡಿಗೂ ನೆರೆಕರೆಯವರು ಸೇರಿ ಒಂದು ಕಟ್ಟ ಹಾಕಿದರೆ ಬಾವಿಯ ಸಿಹಿ ಇನ್ನಷ್ಟು ವಾರ ಉಳಿದೀತು. ಒಬ್ಬರಿಂದ ಆಗುವ ಕೆಲಸ ಅಲ್ಲ, ಈ ಭಾನುವಾರವೇ ಮಾತಾಡಿ.

ಪ್ರಶ್ನೆ: ಚಳಿಗಾಲದ ಬೆಳಿಗ್ಗೆ ಅಜ್ಜಿ ಮನೆಯ ಹೊಳೆ ಹೊಗೆಯಾಡುತ್ತದೆ. ಯಾಕೆ?
— ಏಳನೇ ತರಗತಿ, ಬದಿಯಡ್ಕ

ಉತ್ತರ: ರಾತ್ರಿ ಗಾಳಿ ಬೇಗ ತಣಿಯುತ್ತದೆ ಪುಟ್ಟಾ, ನೀರು ಅಷ್ಟು ಬೇಗ ತಣಿಯುವುದಿಲ್ಲ. ನೀರಿಂದ ಎದ್ದ ಆವಿ ತಣ್ಣಗಿನ ಗಾಳಿಗೆ ತಾಗಿ ಸಣ್ಣ ಸಣ್ಣ ಹನಿ ಆಗುತ್ತದೆ, ಅದೇ ನೀನು ನೋಡಿದ ಹೊಗೆ. ಮುಂದಿನ ಸಲ ಹೋದಾಗ ಬಿಸಿಲು ಬರುವ ಮೊದಲು ಏಳು. ಅಜ್ಜಿಯ ಕೈ ಹಿಡಿದುಕೊಂಡು ಇಳಿದು ನೀರಿಗೆ ಕೈ ಅದ್ದಿ ನೋಡು, ಬೆಚ್ಚಗಿರುತ್ತದೆ.